ಅಪ್ಪನಿಗೆ ಹೇಳಿದ ಮಾತು

ಅಪ್ಪ ಎದ್ದು ನಿಂತಾಗ ಬ್ಯಾಂಡಿನ ಅಭ್ಯಾಸದ ದಿನ ಬದಲಾಗಿರಬೇಕು, ಅದನ್ನು ಹೇಳುತ್ತಾರೆ ಅಂದುಕೊಂಡೆ. ಭಾನುವಾರದ ಆರಾಧನೆ ಮುಗಿದಿತ್ತು. ಚಿಕ್ಕ ಮಕ್ಕಳನ್ನೂ ನೆಂಟರನ್ನೂ ಹೊರಗೆ ಕಳಿಸಿ, ದೀಕ್ಷಾಸ್ನಾನವಾದ ಸದಸ್ಯರು ಮಾತ್ರ ಒಳಗೆ ಉಳಿದಿದ್ದೆವು. ಅಪ್ಪ ನಮ್ಮ ಬ್ಯಾಪ್ಟಿಸ್ಟ್ ಸಭೆಯ ಸಭಾಸೇವಕರು. ಆರಾಧನೆಗೆ ನುಡಿಸುವ ಬ್ಯಾಂಡನ್ನು ನಡೆಸುವವರೂ ಅವರೇ. ಅವರು ಎದ್ದು ಏನಾದರೂ ಹೇಳುವುದು ಎಷ್ಟು ಮಾಮೂಲಾಗಿತ್ತೆಂದರೆ ಹೆಂಗಸರು ಆಗಲೇ ಕೈಚೀಲ ಎತ್ತಿಕೊಳ್ಳುತ್ತಿದ್ದರು.

"ನನ್ನ ಮಗ ತಿಮೊತೇಯ್‌ನ ವಿಷಯ," ಅಂದರು ಅಪ್ಪ.

ಕೈಚೀಲಗಳು ಕೆಳಗಿಳಿದವು.

"ನಿನ್ನೆ ಸಂಜೆ ಊರಿನ ಮದುವೆಯಲ್ಲಿ, ಕುಣಿತಕ್ಕೆ, ಅವನು ಟ್ರಂಪೆಟ್ ಊದಿದ್ದಾನೆ. ಸಭೆಯ ಟ್ರಂಪೆಟ್. ನಾವೆಲ್ಲ ಕೈಯಿಟ್ಟು ಪ್ರಾರ್ಥನೆ ಮಾಡಿ ದೇವರ ಕೆಲಸಕ್ಕೆ ಅಂತ ಇಟ್ಟಿದ್ದು. ತಂದೆಯಾಗಿ ನಾನೇ ಇದನ್ನ ನಿಮ್ಮ ಮುಂದೆ ತರ್ತಿದ್ದೀನಿ. ಅವನ ಆತ್ಮದ ಒಳ್ಳೇದಕ್ಕೆ. ಅವನನ್ನ ಶಿಸ್ತಿಗೆ ಹಾಕಿ."

ತಿಮೊತೇಯ್ ಬ್ಯಾಂಡಿನವರ ಸಾಲಿನಲ್ಲಿ ಕೂತಿದ್ದ. ನನ್ನ ತಮ್ಮ, ಹದಿನೇಳರವನು. ಅವನು ಅಪ್ಪನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರ ಮಗನ ವಿಷಯವೋ ಹೇಳುತ್ತಿದ್ದಾರೆ, ಈಗ ಸರಿಮಾಡಿಕೊಳ್ಳುತ್ತಾರೆ ಎಂದು ಕಾಯುತ್ತಿರುವವನ ಹಾಗಿದ್ದ.

ಸಭೆಯ ಹಿರಿಯ ಒನಿಸಿಮ್ ಗಂಟಲು ಸರಿಪಡಿಸಿಕೊಂಡರು. "ಎದ್ದು ನಿಂತ್ಕೊ, ತಿಮೊತೇಯ್. ಪಶ್ಚಾತ್ತಾಪ ಇದೆಯಾ?"

"ಕೇಳದೆ ತಗೊಂಡು ಹೋಗಿದ್ದಕ್ಕೆ ಇದೆ."

"ಊದಿದ್ದಕ್ಕೆ?"

"ಮದುವೆ ಬ್ಯಾಂಡಿನ ಟ್ರಂಪೆಟ್‌ನವನ ತುಟಿಗೆ ಕಣಜ ಕಚ್ಚಿತ್ತು," ಅಂದ.

ಹಿಂದೆ ಯಾರೋ ನಕ್ಕರು, ಕೆಮ್ಮಿನಲ್ಲಿ ಮುಚ್ಚಿದರು. ಆಮೇಲೆ ಕೈ ಎತ್ತಿಸಿದರು. ಬಹಳ ಕೈಗಳು ಮೇಲೆ ಹೋದವು. ಅಮ್ಮನ ಕೈ ಎದೆಯವರೆಗೆ ಬಂದು ಶಾಲಿನ ಗಂಟು ಹಿಡಿದುಕೊಂಡು ಅಲ್ಲೇ ನಿಂತಿತು. ಇನ್ನು ಮೇಲೆ ಅವನು ಬ್ಯಾಂಡಿನಲ್ಲಿ ಕೂರುವ ಹಾಗಿಲ್ಲ, ಪ್ರಭುಭೋಜನದ ರೊಟ್ಟಿ ಮುಟ್ಟುವ ಹಾಗಿಲ್ಲ. ಎಲ್ಲರ ಮುಂದೆ ನಿಂತು ತಪ್ಪಾಯಿತು ಎನ್ನುವವರೆಗೆ ಗಂಡಸರ ಕಡೆಯ ಕೊನೇ ಬೆಂಚಿನಲ್ಲಿ ಕೂರಬೇಕು.

ಮನೆಗೆ ಬರುವ ದಾರಿಯಲ್ಲಿ ಆರ್ಥೊಡಾಕ್ಸ್ ಚರ್ಚಿನಿಂದ ಹೊರಟ ನೆರೆಯವರು "ಮದುವೇಲಿ ನಿಮ್ಮ ಹುಡುಗ ಏನ್ ಊದಿದ ಮಾರಾಯ, ಪಶ್ಚಾತ್ತಾಪದವರಲ್ಲೂ ಇಂಥ ಉಸಿರಿದೆಯಲ್ಲ!" ಎಂದು ಅಪ್ಪನ ಬೆನ್ನು ತಟ್ಟಿದರು. ಪಶ್ಚಾತ್ತಾಪದವರು ಎಂದೇ ಊರಿನವರು ಬ್ಯಾಪ್ಟಿಸ್ಟರಾದ ನಮ್ಮನ್ನು ಕರೆಯುವುದು. ಅಪ್ಪ ಟೋಪಿ ಮುಟ್ಟಿ ಮುಂದೆ ನಡೆದರು.

ಮನೆಯಲ್ಲಿ ನಾನು ಕೋಳಿ ಸಾರು ಬಡಿಸಿದೆ. ಅಪ್ಪ ಪ್ರಾರ್ಥನೆ ಮಾಡಿದರು. ಎಲ್ಲರೂ ಆಮೆನ್ ಅಂದೆವು, ತಿಮೊತೇಯ್ ಬಿಟ್ಟು.

"ಬಾಯಿ ಇಲ್ವಾ?" ಅಂದರು ಅಪ್ಪ.

"ಇದೆ. ಬೆಳಿಗ್ಗೆ ಅದರಿಂದಾನೇ ಕೆಟ್ಟೆ."

ಅಜ್ಜಿ ಚಮಚ ಕೆಳಗಿಟ್ಟಳು. ಅವಳು ಅಪ್ಪನ ತಾಯಿ. ಅವಳ ಕಾಲು ಬಿದ್ದುಹೋದ ಮೇಲೆ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಾಗಿ, ಎಂಟನೇ ತರಗತಿಗೇ ನಾನು ಶಾಲೆ ಬಿಟ್ಟಿದ್ದೆ. "ಏನು ಹಂಗಂದ್ರೆ?" ಅಂದಳು.

"ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಾನೇ ಹೋಗಿ ಅಪ್ಪನಿಗೆ ಹೇಳ್ದೆ, ಅಜ್ಜಿ. ಯಾರೂ ಕೇಳಿರ್ಲಿಲ್ಲ. ನನ್ನ ಗೆಳೆಯ ಕೊಸ್ಮಿನ್ ಬಂದು ಅವನ ಅಕ್ಕನ ಮದುವೆ ಹಾಳಾಗುತ್ತೆ ಅಂತ ಅತ್ತ, ಅದಕ್ಕೆ ಊದ್ದೆ ಅಂತ ಹೇಳ್ದೆ. ಅಪ್ಪ ಹೆಗಲ ಮೇಲೆ ಕೈ ಇಟ್ರು. ಹೇಳಿದ್ದು ಒಳ್ಳೇದಾಯ್ತು ಮಗನೇ ಅಂದ್ರು."

ಅಜ್ಜಿ ಅಪ್ಪನ ಕಡೆ ತಿರುಗಿದಳು. ಅಪ್ಪ ಬ್ರೆಡ್ಡು ಮುರಿಯುತ್ತಿದ್ದರು. ಮುರಿದದ್ದನ್ನೇ ಮತ್ತೆ ಮುರಿದರು.

ನಮ್ಮ ಮನೆಯಲ್ಲಿ ಅದೊಂದು ಪದ್ಧತಿ ಇತ್ತು. ಏನೇ ತಪ್ಪು ಮಾಡಿದರೂ ಬಂದು ಅಪ್ಪನಿಗೆ ಹೇಳಬೇಕು. ತಾನಾಗಿ ಬಂದು ಹೇಳಿದವರಿಗೆ ಹೊಡೆತ ಇಲ್ಲ. ಬೇರೆ ಮನೆಗಳಲ್ಲಿ ಬೆಲ್ಟಿತ್ತು, ನಮ್ಮಲ್ಲಿ ತಲೆಯಿಟ್ಟು ಹೇಳಿಕೊಳ್ಳಲು ಅಪ್ಪನ ಮಂಡಿ ಇತ್ತು. ನಾನು ಒಮ್ಮೆ ಸಂತೆಯಲ್ಲಿ ಒಂದು ರಿಬ್ಬನ್ ಕದ್ದಾಗ ಅಪ್ಪ ನನ್ನ ಕೈ ಹಿಡಿದುಕೊಂಡು ಹೋಗಿ ಅದನ್ನು ವಾಪಸ್ ಕೊಡಿಸಿ, ದಾರಿಯುದ್ದಕ್ಕೂ ನನ್ನ ಜೊತೆ ಹಾಡು ಹೇಳಿಕೊಂಡು ಬಂದಿದ್ದರು. ಅಮ್ಮನಿಗೂ ಆ ವಿಷಯ ಗೊತ್ತಾಗಿರಲಿಲ್ಲ.

"ಅಂದ್ರೆ ನಿನಗೆ ಹೇಳಿದ್ದನ್ನ ನೀನು ಅಲ್ಲಿ ಹೋಗಿ..." ಅಂದಳು ಅಜ್ಜಿ.

"ಅಮ್ಮ, ಸಾರು ಆರುತ್ತೆ," ಅಂದರು ಅಪ್ಪ.

ತಿಮೊತೇಯ್ ತಟ್ಟೆ ಹಿಡಿದುಕೊಂಡು ಎದ್ದು ಹೋಗಿ ಅಂಗಳದಲ್ಲಿ ಕೂತು ಉಂಡ. ಅವತ್ತಿಂದ ಅವನ ಊಟ ಅಲ್ಲೇ.

ಆಮೇಲಿನ ವಾರಗಳಲ್ಲಿ ಮನೆಯ ಕೆಲಸ ಏನೂ ನಿಲ್ಲಲಿಲ್ಲ. ಅಪ್ಪನದು ಒಲೆ ಕಟ್ಟುವ ಕೆಲಸ. ಚಳಿಗೆ ಮುಂಚೆ ಎಲ್ಲರಿಗೂ ಮನೆ ಬೆಚ್ಚಗಿಡುವ ಹೆಂಚಿನ ಒಲೆ ಬೇಕು. ಮನೆಯಿಂದ ಮನೆಗೆ ಹೋಗಿ ಸಂಜೆ ಜೇಡಿಮಣ್ಣಿನ ಕೈಯಲ್ಲಿ ಬರುತ್ತಿದ್ದರು. ಮುಂಚೆ ತಿಮೊತೇಯ್ ಅವರ ಕೈಗೆ ನೀರು ಹೊಯ್ಯುತ್ತಿದ್ದ. ಈಗ ಬಕೆಟ್ ತುಂಬಿಟ್ಟು ಹೋಗಿಬಿಡುತ್ತಿದ್ದ. ಅಪ್ಪ ಒಂದು ಕೈಯಲ್ಲಿ ಚೊಂಬು ಹಿಡಿದು ಇನ್ನೊಂದು ಕೈ ತೊಳೆಯಲು ಒದ್ದಾಡುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ರಾತ್ರಿಯೂಟದ ಮೇಲೆ ನಾವು ಸರದಿಯಂತೆ ಬೈಬಲ್ ಓದುತ್ತೇವೆ. ತಿಮೊತೇಯ್‌ನ ಸರದಿ ಬಂದಾಗ ಅವನು, "ಶಿಸ್ತಲ್ಲಿರೋನು ಓದಬಹುದಾ? ಒನಿಸಿಮ್ ಅವರನ್ನ ಕೇಳ್ಕೊಂಡು ಬನ್ನಿ," ಅಂದ.

"ಇದು ನನ್ನ ಮನೆ," ಅಂದರು ಅಪ್ಪ.

"ಹೌದಾ? ಅವತ್ತು ಗೊತ್ತಾಗ್ಲಿಲ್ಲ."

ಅಮ್ಮ ಅವನ ಬಾಯಿ ಮುಚ್ಚಿಸಲು ನೋಡಿದಳು. "ಅಪ್ಪನ ಜೊತೆ ಹಿಂಗೆ ಮಾತಾಡ್ತಾರೇನೋ? ಒಂದ್ಸಲ ಎದ್ದು ತಪ್ಪಾಯ್ತು ಅಂದ್ಬಿಡೋ. ಒಂದು ಮಾತು. ಎಲ್ಲ ಮುಗಿದುಹೋಗುತ್ತೆ."

"ನನಗೆ ತಪ್ಪು ಅನ್ಸಿಲ್ಲ, ಅಮ್ಮ. ಅನ್ಸದೇ ಹೇಳಿದ್ರೆ ಅದು ಸುಳ್ಳು. ಸುಳ್ಳು ಹೇಳ್ಬಾರ್ದು ಅಂತ ಹೇಳ್ಕೊಟ್ಟೋರು ಯಾರು?"

ಎಂಟು ವರ್ಷದ ದಮಾರಿಸ್, ನಮ್ಮ ಕೊನೆಯವಳು, ಒಬ್ಬೊಬ್ಬರ ಬಾಯನ್ನೂ ನೋಡುತ್ತ ಕೂತಿದ್ದಳು. ಅವಳು ಮುಂಚೆ ದಿನಕ್ಕೊಂದು ತಪ್ಪು ಹೊತ್ತುಕೊಂಡು ಅಪ್ಪನ ಮಂಡಿಗೆ ಓಡುತ್ತಿದ್ದವಳು. ಬೆಕ್ಕಿಗೆ ಹಾಲು ಹಾಕಿದೆ, ಟೀಚರಿಗೆ ನಾಲಿಗೆ ತೋರಿಸಿದೆ. ಅವಳು ಸುಮ್ಮನಾಗಿದ್ದು ನಮಗ್ಯಾರಿಗೂ ಗೊತ್ತೇ ಆಗಲಿಲ್ಲ.

ಪ್ಲಮ್ ಹಣ್ಣು ಮಾಗಿ ಉದುರುವ ಕಾಲ ಬಂತು. ಅಂಗಳದಲ್ಲಿ ತಾಮ್ರದ ಕೊಪ್ಪರಿಗೆ ಹೂಡಿದೆವು. ಈ ಹಣ್ಣಿನ ಪಾಕಕ್ಕೆ ಸಕ್ಕರೆ ಹಾಕುವುದಿಲ್ಲ, ಬೆಳಗಿನಿಂದ ಸಂಜೆವರೆಗೆ ಕಲಕುತ್ತಲೇ ಇರಬೇಕು. ಒಂದು ಗಳಿಗೆ ಬಿಟ್ಟರೂ ತಳ ಹಿಡಿಯುತ್ತದೆ. ಹಾಗಾಗಿ ಜಗಳವಾದರೂ ಯಾರೂ ಎದ್ದು ಹೋಗುವ ಹಾಗಿರಲಿಲ್ಲ. ಅಪ್ಪ ಉದ್ದನೆಯ ಮರದ ಹುಟ್ಟು ಹಿಡಿದಿದ್ದರು, ತಿಮೊತೇಯ್ ಸೌದೆ ಒಡ್ಡುತ್ತಿದ್ದ, ಅಜ್ಜಿ ಕುರ್ಚಿಯಲ್ಲಿ ಕೂತು ಬೀಜ ತೆಗೆಯುತ್ತಿದ್ದಳು.

"ಬೆಂಕಿ ಕಮ್ಮಿ ಮಾಡು," ಅಂದರು ಅಪ್ಪ.

"ನೊಯೆಮಿ, ಬೆಂಕಿ ಸಾಕಾ ಅಂತ ಅಪ್ಪನ್ನ ಕೇಳು," ಅಂದ ತಿಮೊತೇಯ್ ನನಗೆ.

"ನಾನೇನು ಕಂಬನಾ ಇಲ್ಲಿ? ನನಗೇ ಹೇಳೋ!" ಅಂದರು ಅಪ್ಪ.

"ನಿಮಗೆ ಹೇಳಿದ್ದು ಎಲ್ಲೆಲ್ಲಿಗೆ ಹೋಗುತ್ತೋ."

ಅಜ್ಜಿ ನಕ್ಕಳು. ಅಪ್ಪನಿಗೆ ಅದು ತಡೆಯಲಾಗಲಿಲ್ಲ. "ನಗು, ಅಮ್ಮ, ನಗು. ನೀನೇ ಅವನನ್ನ ಕೆಡಿಸ್ತಿರೋದು. ಮನೆಯವರನ್ನ ಹದ್ದಲ್ಲಿಡದವನು ಸಭೇಲಿ ಏನು ಸೇವೆ ಮಾಡ್ತಾನೆ ಅಂತ ಜನ ಕೇಳ್ತಾರೆ. ನಾನು ಮಕ್ಕಳನ್ನ ವಿಶ್ವಾಸದಲ್ಲಿ ಬೆಳೆಸ್ತಿದ್ದೀನಿ. ಪ್ರೀತಿ ಇರೋದ್ರಿಂದಾನೇ ಶಿಸ್ತು."

"ಕಮ್ಯುನಿಸ್ಟರ ಕಾಲದಲ್ಲಿ ನಿನ್ನಪ್ಪನ್ನ ಪೊಲೀಸ್ನೋರು ಓರಾದ್ಯಾ ಪಟ್ಟಣಕ್ಕೆ ಎಳ್ಕೊಂಡು ಹೋಗಿದ್ರು," ಅಂದಳು ಅಜ್ಜಿ. ಬೀಜ ತೆಗೆಯುವ ಕೈ ನಿಲ್ಲಿಸಲಿಲ್ಲ. "ಪ್ರಾರ್ಥನೆಗೆ ಯಾರ್ಯಾರು ಬರ್ತಾರೆ ಹೇಳು ಅಂತ ಹಲ್ಲು ಮುರಿದ್ರು. ಒಂದು ಹೆಸರು ಬಾಯಿ ಬಿಡ್ಲಿಲ್ಲ ಅವನು. ನೀನು ನೋಡು ಗಾವ್ರಿಲ್, ಯಾರೂ ಕೇಳದೇ ಹೋಗಿ ಹೊಟ್ಟೇಲಿ ಹುಟ್ಟಿದವನ ಹೆಸರು ಕೊಟ್ಟು ಬಂದೆ."

ಹುಟ್ಟು ನಿಂತಿತು. ಪಾಕ ಗುಳ್ಳೆಯೆದ್ದು ಸಿಡಿಯಿತು.

"ರೀ, ತಳ ಹಿಡಿಯುತ್ತೆ!" ಎಂದು ಅಮ್ಮ ಕೂಗಿಕೊಂಡು ಬಂದಳು. ಅಪ್ಪ ಮತ್ತೆ ಕಲಕತೊಡಗಿದರು. ಅವರ ಕಿವಿ ಕೆಂಪಾಗಿತ್ತು. ನಾಚಿಕೆಯಾದಾಗ ಅಪ್ಪನಿಗೆ ಮುಖ ಕೆಂಪಾಗುವುದಿಲ್ಲ, ಕಿವಿ ಮಾತ್ರ.

ಅಂದಿನ ಗಲಾಟೆಯಲ್ಲಿ ದಮಾರಿಸ್‌ಳನ್ನು ಯಾರೂ ನೋಡಲಿಲ್ಲ. ಆಮೇಲೆ ಒಂದಷ್ಟು ದಿನ ಬಿಸಿಲಿದ್ದರೂ ಅವಳು ಉಣ್ಣೆಯ ಸ್ವೆಟರ್ ಹಾಕಿಕೊಂಡೇ ಓಡಾಡಿದಳು. ಶೀತ ಅಂದಳು. ಶನಿವಾರ ಸ್ನಾನಕ್ಕೆ ನಾನು ಸ್ವೆಟರ್ ಎಳೆದಾಗ ತೋಳು ಬರಲಿಲ್ಲ. ಅವಳು ಕಿರುಚಿದಳು. ಉಣ್ಣೆ ಚರ್ಮಕ್ಕೆ ಅಂಟಿಕೊಂಡಿತ್ತು.

ಬಿಸಿನೀರಲ್ಲಿ ನೆನೆಸಿ ಬಿಡಿಸಿದೆವು. ಮೊಣಕೈಯಿಂದ ಕೆಳಗೆ ಅಂಗೈಯಗಲ ಬೆಂದುಹೋಗಿತ್ತು, ಕೀವು ತುಂಬಿತ್ತು.

"ಕೊಪ್ಪರಿಗೆ ಹತ್ರ ಹೋಗಿದ್ಯಾ?" ಅಂದಳು ಅಮ್ಮ.

"ಒಂದೇ ಒಂದು ಬೆರಳು ನೆಕ್ಕೋಣ ಅಂತ. ಸಿಡೀತು."

"ನೋವಾಗ್ಲಿಲ್ವೇನೇ? ನನಗ್ಯಾಕೆ ಹೇಳ್ಲಿಲ್ಲ?"

"ನೀನು ಅಪ್ಪನಿಗೆ ಹೇಳ್ತೀಯಲ್ಲ."

ಕಿರುಚಾಟ ಕೇಳಿ ಬಂದ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದು ತೊಟ್ಟಿಯ ಪಕ್ಕ ಮಂಡಿಯೂರಿದರು. "ಹೇಳಿದ್ರೆ ಏನಾಗ್ತಿತ್ತು ಪುಟ್ಟಿ? ನಾನು ಯಾವತ್ತಾದ್ರೂ ಹೊಡೆದಿದ್ದೀನಾ?"

"ಹೊಡೆಯಲ್ಲ," ಅಂದಳು ದಮಾರಿಸ್. "ಸಭೇಲಿ ಹೇಳ್ತೀರ. ಎಲ್ಲಾರೂ ಕೈ ಎತ್ತುತಾರೆ."

ಅಪ್ಪ ಅವಳ ಬೆನ್ನಿನ ಮೇಲೆ ಟವೆಲ್ ಹೊದಿಸಿ ಎತ್ತಿಕೊಂಡು ಕಾರಿಗೆ ನಡೆದರು. ನಾನೂ ಹಿಂದೆ ಓಡಿದೆ.

ಪಕ್ಕದ ಊರಿನ ದವಾಖಾನೆಯ ನರ್ಸು ಗಾಯ ನೋಡಿ ಹುಬ್ಬು ಗಂಟಿಕ್ಕಿದಳು. "ಇಷ್ಟು ದಿನ ಎಲ್ಲಿದ್ರಿ? ಮಗು ಮನೇಲಿ ಯಾರಿಗೂ ಹೇಳ್ಲಿಲ್ವಾ?"

ದಮಾರಿಸ್ ಅಪ್ಪನ ಮುಖ ನೋಡಿದಳು. ಏನು ಹೇಳಬೇಕು ಎಂದು ಅವಳು ಅಪ್ಪನನ್ನೇ ಕಣ್ಣಲ್ಲಿ ಕೇಳುತ್ತಿದ್ದಳು.

"ಇಲ್ಲ," ಅಂದರು ಅಪ್ಪ. "ನನಗೆ ಹೆದರಿ ಹೇಳ್ಲಿಲ್ಲ."

ನರ್ಸು ಅವರನ್ನು ಮೇಲಿಂದ ಕೆಳಗೆ ನೋಡಿ, ದಮಾರಿಸ್‌ಳ ಇನ್ನೊಂದು ತೋಳಿನ ಬಟ್ಟೆಯನ್ನೂ ಎತ್ತಿ ನೋಡಿದಳು. ಬೆನ್ನು ನೋಡಿದಳು. ಅಪ್ಪ ಗೋಡೆಯ ಕಡೆ ತಿರುಗಿ ನಿಂತರು.

ಸೋಮವಾರ ಅಪ್ಪ ಒಲೆಯ ಕೆಲಸಕ್ಕೆ ಹೋಗಲಿಲ್ಲ. ತಿಮೊತೇಯ್ ಕೊಟ್ಟಿಗೆಯ ಹಿಂದೆ ಸೌದೆ ಸೀಳುತ್ತಿದ್ದಲ್ಲಿಗೆ ಹೋಗಿ ಒಂದು ತುಂಡಿನ ಮೇಲೆ ಕೂತರು. ನಾನು ಹಂದಿಗಳಿಗೆ ಮುಸುರೆ ಕಲೆಸುತ್ತಿದ್ದೆ. ಇಬ್ಬರೂ ನನ್ನನ್ನು ಹೋಗು ಅನ್ನಲಿಲ್ಲ.

"ಆ ಭಾನುವಾರ ನೀನು ಬಂದು ಹೇಳಿ ಹೋದ್ಮೇಲೆ ಒನಿಸಿಮ್ ಫೋನ್ ಮಾಡಿದ್ರು," ಅಂದರು ಅಪ್ಪ. "ಮದುವೆ ವೀಡಿಯೋ ಅವರ ಕೈಗೆ ಆಗಲೇ ಬಂದಿತ್ತು. ಸಭೆ ಮುಂದೆ ಇದನ್ನ ಎತ್ತಬೇಕಾಗುತ್ತೆ ಅಂದ್ರು."

ಕೊಡಲಿ ಮೇಲೆ ಹೋಗಿ ಇಳಿಯಿತು.

"ಅವರು ಎತ್ತೋಕೆ ಮುಂಚೆ ನಾನೇ ಎತ್ತಿದ್ರೆ..."

"ಬ್ಯಾಂಡು ನಿಮ್ಮ ಕೈಲೇ ಉಳಿಯುತ್ತೆ," ಅಂದ ತಿಮೊತೇಯ್.

"ಹೂಂ."

"ನನ್ನ ಆತ್ಮಕ್ಕೆ ಅಂದ್ರಿ."

"ಹೂಂ. ಅಂದೆ." ಅಪ್ಪ ಕೈಯಲ್ಲಿದ್ದ ಸೌದೆಯ ಸಿಪ್ಪೆಯನ್ನು ಪುಡಿಪುಡಿ ಮಾಡಿದರು. "ಅದನ್ನ ಸಭೆ ಮುಂದೆ ಹೇಳ್ಬೇಕು ಅಂತಿದ್ದೀನಿ. ನೀನು ನನಗೆ ನಂಬಿ ಹೇಳಿದ್ದು, ನಾನು ಮಾಡಿದ್ದು, ಎಲ್ಲಾ."

"ಬೇಡ."

"ಯಾಕೆ?"

"ಮತ್ತೆ ನನ್ನ ಹೆಸರು ಬರುತ್ತೆ. ಮತ್ತೆ ಎಲ್ಲಾರೂ ಹಿಂದೆ ತಿರುಗಿ ನನ್ನ ಮುಖ ನೋಡ್ತಾರೆ. ಪಾಪ ಹುಡುಗ ಅಂತಾರೆ. ನನಗೆ ಅದೂ ಬೇಡ. ನಿಮಗೆ ಹಗುರ ಆಗ್ಲಿ ಅಂತ ನಾನ್ಯಾಕೆ ಇನ್ನೊಂದ್ಸಲ ನಿಂತ್ಕೊಳ್ಳಲಿ?" ಅವನು ಕೊಡಲಿಯನ್ನು ಮೊದಲ ಸಲ ಕೆಳಗಿಟ್ಟ. "ನನ್ನ ಹೆಸರು ಎತ್ತಬೇಡಿ ಅಪ್ಪ. ನನ್ನ ವಿಷಯಾನೂ ಎತ್ತಬೇಡಿ. ಅಷ್ಟು ಮಾಡೋಕಾಗುತ್ತಾ ನಿಮಗೆ?"

"ಆಗುತ್ತೆ," ಅಂದರು ಅಪ್ಪ. ತಿಮೊತೇಯ್ ನಂಬಿದ ಹಾಗೆ ಕಾಣಲಿಲ್ಲ. ಕೊಡಲಿ ಎತ್ತಿಕೊಂಡ.

ಸುಗ್ಗಿಯ ಕೃತಜ್ಞತೆಯ ಭಾನುವಾರ ಸಭೆಯ ಮುಂದಿನ ಮೇಜು ತುಂಬ ಕುಂಬಳಕಾಯಿ, ದ್ರಾಕ್ಷಿ, ಜೋಳದ ತೆನೆ, ದೊಡ್ಡ ದೊಡ್ಡ ಬ್ರೆಡ್ಡು. ಅಂದೇ ಪ್ರಭುಭೋಜನವೂ ಇತ್ತು. ಅಮ್ಮ ಬೆಳಿಗ್ಗೆಯಿಂದ ಅಪ್ಪನ ಹಿಂದೆ ಸುತ್ತುತ್ತಿದ್ದಳು. "ಏನು ಹೇಳ್ತೀರ ಅಂತ ನನಗಾದ್ರೂ ಹೇಳ್ರೀ. ಬ್ಯಾಂಡು ಬಿಟ್ರೆ ನಿಮಗೆ ಬೇರೆ ಏನಿದೆ? ಅದನ್ನೂ ಕಳ್ಕೊಂಡು ಬರ್ಬೇಡಿ."

"ಟೈ ಸರಿ ಇದೆಯಾ ನೋಡು, ಸವೇತಾ," ಅಂದರು ಅಪ್ಪ.

ಅಜ್ಜಿಯನ್ನು ಮಧ್ಯದಲ್ಲೇ ಹೊರಗೆ ಕರೆದುಕೊಂಡು ಹೋಗಬೇಕಾಗುತ್ತದೆ ಎಂದು ನಾನು ಅವಳ ಜೊತೆ ಹೆಂಗಸರ ಕಡೆಯ ಕೊನೇ ಸಾಲಿನಲ್ಲಿ ಕೂರುತ್ತೇನೆ. ಓಣಿಯ ಆ ಕಡೆ ಶಿಸ್ತಿನ ಬೆಂಚಿನಲ್ಲಿ ತಿಮೊತೇಯ್ ಒಬ್ಬನೇ.

ರೊಟ್ಟಿ ಹಂಚುವ ಮುಂಚೆ, ಯಾರ ಮನಸ್ಸಿನಲ್ಲಿ ಏನಾದರೂ ಇದ್ದರೆ ಈಗಲೇ ಹೇಳಿ ಎಂದು ಒನಿಸಿಮ್ ಎಂದಿನಂತೆ ಕೇಳಿದರು. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ. ಅಪ್ಪ ಎದ್ದರು.

"ನಾನು ಒಬ್ಬರಿಗೆ ದ್ರೋಹ ಮಾಡಿದ್ದೀನಿ," ಅಂದರು. "ನನ್ನ ಸ್ಥಾನ ಉಳಿಸ್ಕೊಳ್ಳೋಕೆ. ಮಾಡಿ, ಅದಕ್ಕೆ ದೇವರ ಹೆಸರು ಹಚ್ಚಿದೆ. ನಾನು ಸಭಾಸೇವಕನ ಕೆಲಸ ಬಿಡ್ತಿದ್ದೀನಿ. ಬ್ಯಾಂಡನ್ನೂ ಬಿಡ್ತಿದ್ದೀನಿ."

ಒನಿಸಿಮ್ ಬೆಚ್ಚಿದರು. ಅವರು ಕೆಟ್ಟವರಲ್ಲ, ಅಪ್ಪನ ಬಾಲ್ಯದ ಗೆಳೆಯರು. "ಸಹೋದರ ಗಾವ್ರಿಲ್, ಯಾರಿಗೆ? ಏನು ಮಾಡಿದ್ರಿ?"

"ಅದು ಹೇಳೋದಿಲ್ಲ. ಅವರಿಗೆ ಮಾತು ಕೊಟ್ಟಿದ್ದೀನಿ."

"ಸಭೆಗೆ ಗೊತ್ತಾಗಬೇಕಲ್ಲ. ಅರ್ಧ ಹೇಳಿದ್ರೆ ಜನ..."

"ಗೊತ್ತು. ಏನಾದ್ರೂ ಅಂದ್ಕೊಳ್ಳಲಿ. ನನ್ನನ್ನ ಶಿಸ್ತಿಗೆ ಹಾಕಿ."

ಜನ ಅಂದುಕೊಳ್ಳಲು ತಡವಾಗಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ತಲೆ ತಾಗಿಸಿಕೊಂಡರು. "ಒಲೆ ಕಟ್ಟೋಕೆ ಅಂತ ಮನೆಮನೆಗೆ ಹೋಗ್ತಿದ್ರಲ್ಲ." "ಅಯ್ಯೋ, ಪಾಪ ಸವೇತಾ." "ಯಾವಳು ಅಂತ?" ಆ ಮಾತು ಸಾಲಿನಿಂದ ಸಾಲಿಗೆ ಹೋಗುವುದು ಶಾಲುಗಳ ಅಲುಗಾಟದಲ್ಲೇ ಕಾಣುತ್ತಿತ್ತು. ಅಮ್ಮನಿಗೂ ಕೇಳಿಸಿತು. ಅವಳ ಕತ್ತು ಕೆಂಪೇರಿತು. ಅವಳು ಕುಗ್ಗಿಹೋಗುತ್ತಾಳೆ ಅಂದುಕೊಂಡೆ. ಆದರೆ ಅಪ್ಪ ಓಣಿಯಲ್ಲಿ ಅವಳನ್ನು ದಾಟಿ ಬರುವಾಗ ಕೈ ಚಾಚಿ, ಎಲ್ಲರಿಗೂ ಕಾಣುವ ಹಾಗೆ, ಅವರ ಟೈ ಸರಿಮಾಡಿದಳು.

"ಏನಂದ? ಏನಂದ ಅವನು?" ಎಂದು ಅಜ್ಜಿ ನನ್ನನ್ನು ತಿವಿದಳು. ದೂರದ ಮಾತು ಅವಳ ಕಿವಿಗೆ ಬೀಳುವುದಿಲ್ಲ.

"ಯಾರ ಹೆಸರೂ ಹೇಳ್ಲಿಲ್ಲ ಅಜ್ಜಿ," ಅಂದೆ.

ಕೊನೇ ಬೆಂಚು ಗಿಡ್ಡದು. ಅಪ್ಪ ಕೂತಾಗ ತಿಮೊತೇಯ್ ಗೋಡೆಗೆ ಒತ್ತಿಕೊಳ್ಳಬೇಕಾಯಿತು. ಇಬ್ಬರೂ ಎದುರಿಗೆ ನೋಡುತ್ತ ಕೂತರು. ಮುಂದೆ ರೊಟ್ಟಿಯ ತಟ್ಟೆ ಹೊರಟಿತು. ಇನ್ನೊಬ್ಬ ಸಭಾಸೇವಕರು ಸಾಲುಸಾಲಾಗಿ ಹಂಚುತ್ತ ಬಂದು, ಅಪ್ಪನ ಹತ್ತಿರ ತಲುಪಿ, ಅಭ್ಯಾಸಬಲದಿಂದ ತಟ್ಟೆ ಚಾಚಿದರು. ಅಪ್ಪ ತಲೆ ಅಲ್ಲಾಡಿಸಿದರು. ಆ ಮನುಷ್ಯ ಗಲಿಬಿಲಿಯಾಗಿ ತಟ್ಟೆಯನ್ನು ಎದೆಗೊತ್ತಿಕೊಂಡು ಹಿಂದೆ ಹೋದರು.

"ಎಲ್ಲಿವರೆಗೆ ಕೂರ್ತೀರ ಇಲ್ಲಿ?" ತಿಮೊತೇಯ್ ತುಟಿ ಅಲುಗಿಸದೆ ಕೇಳಿದ.

"ನೀನು ಇರೋವರೆಗೆ."

"ನಾನು ಬೇಗ ಏಳಲ್ಲ. ಏಳದೇನೂ ಇರಬಹುದು."

"ಆಯ್ತು."

ಮುಂದಿನಿಂದ ಒಂದೊಂದೇ ಮುಖ ಹಿಂದೆ ತಿರುಗಿ ಅಪ್ಪನನ್ನು ನೋಡಿ ಮತ್ತೆ ತಿರುಗಿಕೊಳ್ಳುತ್ತಿತ್ತು. ತಿಮೊತೇಯ್‌ನನ್ನು ಯಾರೂ ನೋಡುತ್ತಿರಲಿಲ್ಲ.

"ಅವರೆಲ್ಲ ಏನಂದ್ಕೋತಿದ್ದಾರೆ ಗೊತ್ತಾ ನಿಮಗೆ?"

"ಗೊತ್ತಾಗ್ತಿದೆ."

"ನನ್ನ ವಿಷಯ ಅಂತ ಹೇಳಿಬಿಟ್ಟಿದ್ರೆ ಇದೆಲ್ಲ ಇರ್ತಿರ್ಲಿಲ್ಲ."

"ನೀನು ಬೇಡ ಅಂದಿದ್ದೆಯಲ್ಲ," ಅಂದರು ಅಪ್ಪ.

ತಿಮೊತೇಯ್ ಅವರ ಕಡೆ ತಿರುಗಿದ. ಎಷ್ಟೋ ವಾರಗಳ ಮೇಲೆ ಅವನು ಅಪ್ಪನ ಮುಖ ನೋಡಿದ್ದು ಅದೇ ಮೊದಲು. ಅಪ್ಪ ತಿರುಗಲಿಲ್ಲ, ಅವರಿಗೆ ಆಗುತ್ತಿರಲಿಲ್ಲ. ನಡೆಸುವವರಿಲ್ಲದ ಬ್ಯಾಂಡು ಹಿಡಿತ ತಪ್ಪಿ ಎಳೆದೆಳೆದು ನುಡಿಸಿದ ಕೊನೆಯ ಹಾಡು ಮುಗಿಯುವವರೆಗೂ ಅವರ ಕಿವಿ ಕೆಂಪಾಗೇ ಇತ್ತು.